ನರದ ಪರೀಕ್ಷೆಯ ಅಂಕಿ ಎಷ್ಟು ನಂಬಿಕೆಗೆ ಅರ್ಹ? ಶಿಬಿರಕ್ಕೆ ಹೊರಡುವ ಮುನ್ನ ಒಂದು ಮಾರ್ಗದರ್ಶಿ

ಮುಂಬಯಿಯ ಕನ್ನಡ, ತುಳು ಸಂಘಗಳು ನಡೆಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವ ಮೇಜಿನ ಪಕ್ಕ ಈಗ ಇನ್ನೊಂದು ಮೇಜು ಕಾಣಿಸುವುದುಂಟು. ಟಾರ್ಚಿನಂಥ ಒಂದು ಉಪಕರಣವನ್ನು ಕಾಲ್ಬೆರಳಿಗೆ ತಾಗಿಸಿ, ಪೆಟ್ಟಿಗೆಯ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತಾ "ನಡುಕ ಗೊತ್ತಾಯ್ತಾ?" ಎಂದು ಕೇಳುತ್ತಾರೆ. ನೀವು ಹೂಂ ಎಂದಾಗ ಮುಳ್ಳು ಎಲ್ಲಿತ್ತೋ ಆ ವೋಲ್ಟನ್ನು ಬರೆದುಕೊಂಡು ಹಸಿರು, ಹಳದಿ, ಕೆಂಪು ಪಟ್ಟಿಯ ಹಾಳೆಯೊಂದನ್ನು ಕೈಗಿಡುತ್ತಾರೆ. ಶುಗರ್ ಇಲ್ಲದವರು, ಜೋಮು ಹಿಡಿಯದವರು, ದಿನಕ್ಕೆ ಎರಡು ಸಲ ದಾದರ್‌ನ ಮೆಟ್ಟಿಲು ಹತ್ತಿ ಇಳಿಯುವವರು ಕೂಡ ಹಳದಿ ಪಟ್ಟಿ ನೋಡಿ ಕಂಗಾಲಾಗುತ್ತಾರೆ. ಫಿಸಿಯೋಥೆರಪಿಸ್ಟ್ ಆಗಿ ಇಂಥ ಮೇಜುಗಳ ಹಿಂದೆ ಕೂತವನು ನಾನು. ಆರೋಗ್ಯವಂತರು ಈ ಪರೀಕ್ಷೆಯನ್ನು ಹೇಗೆ ಮಾಡಿಸಿಕೊಳ್ಳಬೇಕು, ಬಂದ ಅಂಕಿಯನ್ನು ಹೇಗೆ ಓದಬೇಕು, ಶಿಬಿರ ನಡೆಸುವವರು ತಮ್ಮ ಉಪಕರಣದ ಮೇಲೆ ಎಷ್ಟು ಭರವಸೆ ಇಡಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಅಳೆಯುತ್ತಿರುವುದು ಏನನ್ನು?

ರಕ್ತದ ಸಕ್ಕರೆಗೆ ನಿಮ್ಮ ಒಪ್ಪಿಗೆ ಬೇಕಿಲ್ಲ. ನೀವು ನಿದ್ದೆ ಹೋಗಿದ್ದರೂ ಯಂತ್ರ ಅದನ್ನು ಅಳೆದು ಕೊಡುತ್ತದೆ. ಸಂವೇದನಾ ಮಿತಿಯ ಪರೀಕ್ಷೆ ಹಾಗಲ್ಲ. ಎಷ್ಟು ಸಣ್ಣ ನಡುಕ, ಎಷ್ಟು ಸಣ್ಣ ಬಿಸಿ, ಎಷ್ಟು ಹಗುರ ಸ್ಪರ್ಶ ನಿಮಗೆ ತಿಳಿಯುತ್ತದೆ ಎಂದು ಅದು ಹುಡುಕುತ್ತದೆ, ಉತ್ತರ ಕೊಡಬೇಕಾದವರು ನೀವೇ. ಚರ್ಮದ ಗ್ರಾಹಕ, ನರ, ಬೆನ್ನುಹುರಿ, ಮೆದುಳು, ಕೊನೆಗೆ "ಗೊತ್ತಾಯ್ತು" ಎನ್ನುವ ನಿಮ್ಮ ನಿರ್ಧಾರ, ಇಷ್ಟೂ ಸೇರಿ ಒಂದು ಅಂಕಿ. ಹಾಗಾಗಿ ಅಂಕಿ ಏರಿದೆ ಎಂದಮಾತ್ರಕ್ಕೆ ಕಾಲಿನ ನರವೇ ಕೆಟ್ಟಿದೆ ಎನ್ನಲು ಬರುವುದಿಲ್ಲ. ಆ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಅಂಕಿ ಏರುತ್ತದೆ, ಗಮನ ಬೇರೆಡೆ ಹೋದರೂ ಏರುತ್ತದೆ. ಆಸ್ಪತ್ರೆಯಲ್ಲಿ ವಿದ್ಯುತ್ ಕೊಟ್ಟು ನರದ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ಬೇರೆಯೇ. ಅದರಲ್ಲಿ ನೀವು ಬಾಯಿ ಬಿಡಬೇಕಾಗಿಲ್ಲ. ಎರಡನ್ನೂ "ನರದ ಟೆಸ್ಟ್" ಎಂದೇ ಕರೆಯುವುದರಿಂದ ಗೊಂದಲ ಶುರುವಾಗುತ್ತದೆ, ಹಾಳೆಯಲ್ಲಿ ಯಾವುದರ ಹೆಸರಿದೆ ಎಂದು ನೋಡಿಕೊಳ್ಳಿ.

ಶಿಬಿರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬಯೋಥೀಸಿಯೋಮೀಟರ್. ಇದು 0ಯಿಂದ 50 ವೋಲ್ಟ್‌ವರೆಗೆ ನಡುಕ ಏರಿಸುವ ಉಪಕರಣ. ಇಲ್ಲಿ ಹಲವರಿಗೆ ತಿಳಿಯದ ಸಂಗತಿಯೊಂದಿದೆ: ನಡುಕದ ಗಾತ್ರ ವೋಲ್ಟಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 10 ವೋಲ್ಟ್ 20 ಆದರೆ ನಡುಕ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಎಂಟರ ಆಸುಪಾಸಿನಲ್ಲಿ ಮೂರು ವೋಲ್ಟ್ ಹೆಚ್ಚುಕಮ್ಮಿಯಾಗುವುದೂ ಮೂವತ್ತರ ಆಸುಪಾಸಿನಲ್ಲಿ ಮೂರು ವೋಲ್ಟ್ ಹೆಚ್ಚುಕಮ್ಮಿಯಾಗುವುದೂ ಒಂದೇ ಅಲ್ಲ.

ಹೊರಡುವ ದಿನ

ಪುಣೆಯಿಂದಲೋ ಠಾಣೆಯಿಂದಲೋ ಬೈಕಿನಲ್ಲಿ ಬಂದವರು ಹೆಲ್ಮೆಟ್ ಇಟ್ಟ ಕೂಡಲೇ ಕೈಬೆರಳು ಚಾಚಬೇಡಿ. ಹ್ಯಾಂಡಲಿನ ಅದಿರಾಟ ಬೆರಳುಗಳ ನಡುಕ ಗ್ರಹಿಸುವ ಶಕ್ತಿಯನ್ನು ತಾತ್ಕಾಲಿಕವಾಗಿ ಮಂದ ಮಾಡುತ್ತದೆ. ಡ್ರಿಲ್, ಗ್ರೈಂಡರ್ ಹಿಡಿದು ಕೆಲಸ ಮಾಡುವವರಿಗಂತೂ ಇದು ಇನ್ನೂ ಹೆಚ್ಚು. ಅಂಥವರು ಕೆಲಸವಿಲ್ಲದ ದಿನ ಬೆಳಿಗ್ಗೆ ಬರುವುದೇ ಲೇಸು. ಹಿಂದಿನ ರಾತ್ರಿ ಮದ್ಯ ಬೇಡ, ನಿದ್ದೆಗೆಟ್ಟು ಬರುವುದೂ ಬೇಡ. ರಾತ್ರಿಪಾಳಿ ಮುಗಿಸಿ ನೇರವಾಗಿ ಕುರ್ಚಿಗೆ ಬಂದು ಕೂತವರ ಉತ್ತರ ತಡವಾಗಿಯೇ ಬರುತ್ತದೆ.

ಮಳೆಗಾಲದ ಮುಂಬಯಿಗೆ ವಿಶೇಷ ಎಚ್ಚರ ಬೇಕು. ನೆನೆದ ಚಪ್ಪಲಿಯಲ್ಲಿ ಲೋಕಲ್‌ನಿಂದ ಇಳಿದು, ಕಾಲು ಒರೆಸದೆ ಎಸಿ ಸಭಾಂಗಣದಲ್ಲಿ ಅರ್ಧ ಗಂಟೆ ಸಾಲಿನಲ್ಲಿ ಕೂತರೆ ಪಾದ ತಣ್ಣಗಾಗುತ್ತದೆ. ತಣ್ಣನೆಯ ಚರ್ಮಕ್ಕೆ ನಡುಕ ಬೇಗ ತಿಳಿಯುವುದಿಲ್ಲ, ವೋಲ್ಟ್ ಸುಳ್ಳೇ ಏರುತ್ತದೆ. ಪಾದ ಒರೆಸಿ, ಕಾಲುಚೀಲ ಹಾಕಿಕೊಂಡು, ಬೆಚ್ಚಗಾದ ಮೇಲೆ ಸರದಿಗೆ ಹೋಗಿ. ಪಾದದ ಹಿಂಬದಿಯನ್ನು ಅಂಗೈಯಿಂದ ಮುಟ್ಟಿ ನೋಡಿ, ತಣ್ಣಗೆನಿಸಿದರೆ ಇನ್ನೂ ಸ್ವಲ್ಪ ಕಾಯಿರಿ. ನಮ್ಮ ಹೋಟೆಲ್ ಉದ್ಯಮದವರಲ್ಲಿ ದಿನವಿಡೀ ನಿಂತು, ಒದ್ದೆ ನೆಲದಲ್ಲಿ ಓಡಾಡಿ ಪಾದದ ಚರ್ಮ ದಪ್ಪಗಟ್ಟಿರುತ್ತದೆ. ಆಣಿ ಇದ್ದ ಜಾಗದಲ್ಲಿ ಮುಟ್ಟಿಸಿದರೆ ಅಳೆದಂತಾಗುವುದು ಆಣಿಯನ್ನೇ ಹೊರತು ನರವನ್ನಲ್ಲ. "ಇಲ್ಲಿ ಆಣಿಯಿದೆ, ಪಕ್ಕದಲ್ಲಿ ಹಿಡಿಯಿರಿ" ಎಂದು ನೀವೇ ಹೇಳಿ.

ಕುರ್ಚಿಯಲ್ಲಿ ಕೂತ ಮೇಲೆ

ಮೊದಲು ಕೈಯ ಮೇಲೋ ಮೊಣಕೈಯ ಮೇಲೋ ಜೋರಾಗಿ ನಡುಗಿಸಿ ತೋರಿಸಲಿ. ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂದೇ ಗೊತ್ತಿಲ್ಲದವನು ಮೊದಲ ಸುತ್ತಿನಲ್ಲಿ ತಡವರಿಸುತ್ತಾನೆ, ಎರಡನೆಯದರಲ್ಲಿ ಪಳಗುತ್ತಾನೆ. ಹಾಗೆ ಕಡಿಮೆಯಾದ ವೋಲ್ಟು ಕಲಿಕೆಯ ಫಲ, ನರ ಸುಧಾರಿಸಿದ್ದಲ್ಲ. ಆದ್ದರಿಂದ ಪಾದದ ಮೇಲೂ ಒಂದು ಅಭ್ಯಾಸದ ಸುತ್ತು ಆಗಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಕಣ್ಣು ಮುಚ್ಚಿ. ಮುಳ್ಳು ಏರುವುದು ಕಾಣುತ್ತಿದ್ದರೆ ಮನಸ್ಸು ಊಹಿಸತೊಡಗುತ್ತದೆ. ಉಪಕರಣದ ಗುಂಯ್‌ಗುಡುವ ಸದ್ದು ಕಿವಿಗೆ ಬಿದ್ದರೂ ಅದೇ ಪಾಡು. ಪಕ್ಕದ ಮೇಜಿನಲ್ಲಿ ಮೈಕ್ ಹಿಡಿದು ಹೆಸರು ಕೂಗುವ ಗದ್ದಲವಂತೂ ಬೇಡವೇ ಬೇಡ. ಶಿಬಿರದಲ್ಲಿ ಮೂಲೆಯ ಕೋಣೆಯೊಂದನ್ನು ಇದಕ್ಕೇ ಬಿಟ್ಟುಕೊಡಿ ಎಂದು ನಾನು ಸಂಘಟಕರಲ್ಲಿ ಯಾವಾಗಲೂ ಕೇಳುತ್ತೇನೆ. ಕೆಲವೊಮ್ಮೆ ಸಿಗುವುದು ಪಾತ್ರೆ ಇಡುವ ಕೋಣೆ, ಪರವಾಗಿಲ್ಲ, ನಿಶ್ಶಬ್ದವಿದ್ದರೆ ಸಾಕು.

ಉಪಕರಣದ ತುದಿ ಚರ್ಮಕ್ಕೆ ನೇರವಾಗಿ, ತನ್ನದೇ ಭಾರದಲ್ಲಿ ನಿಲ್ಲಬೇಕು. ಒತ್ತಿದರೆ ಅಂಕಿ ಬದಲಾಗುತ್ತದೆ. ಒಬ್ಬರು ಒತ್ತಿ, ಇನ್ನೊಬ್ಬರು ತೇಲಿಸಿ ಹಿಡಿದರೆ ಒಂದೇ ಕಾಲು ಎರಡು ಬಗೆಯ ಹಾಳೆ ಪಡೆಯುತ್ತದೆ.

ಇನ್ನು ಭಾಷೆ. ನನ್ನ ಅನುಭವದಲ್ಲಿ ಶಿಬಿರಗಳ ಅಂಕಿ ಅತ್ತಿತ್ತ ಹಾರುವುದು ಬಹುಪಾಲು ಇಲ್ಲಿಯೇ. ಉಪಕರಣ ಹಿಡಿದ ಹುಡುಗ ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾನೆ. ಊರಿನಿಂದ ಮಗನ ಮನೆಗೆ ಬಂದಿರುವ ಅಜ್ಜಿಗೆ ಅರ್ಧ ತಿಳಿಯುತ್ತದೆ, ಪಕ್ಕದಲ್ಲಿ ನಿಂತ ಸೊಸೆ ತನಗೆ ತೋಚಿದಂತೆ ಕನ್ನಡದಲ್ಲಿ ಹೇಳುತ್ತಾಳೆ. "ಏನಾದರೂ ಅನಿಸಿದ ಕೂಡಲೇ ಹೇಳಿ" ಎಂದರೆ ಒಂದು ಅಂಕಿ. "ನಡುಗ್ತಾ ಇದೆ ಅಂತ ಖಾತ್ರಿ ಆದ ಮೇಲೆ ಹೇಳಿ" ಎಂದರೆ ಅದಕ್ಕಿಂತ ಹೆಚ್ಚಿನ ಅಂಕಿ. ಎರಡೂ ಪ್ರಾಮಾಣಿಕ ಉತ್ತರಗಳೇ, ಆದರೆ ಪ್ರಶ್ನೆ ಬೇರೆ. ಅಳುಕಿನ ಸ್ವಭಾವದವರು, ತಪ್ಪು ಹೇಳಿದರೆ ಏನೆಂದುಕೊಳ್ಳುತ್ತಾರೋ ಎನ್ನುವವರು, ಖಾತ್ರಿಯಾಗುವವರೆಗೆ ಬಾಯಿ ಬಿಡುವುದಿಲ್ಲ. ಅವರ ನರ ಮಂದವಲ್ಲ, ಸ್ವಭಾವ ಜಾಗ್ರತೆಯದು. ಉತ್ಸಾಹಿಗಳು ನಡುಕ ಶುರುವಾಗುವ ಮೊದಲೇ ಹೂಂ ಎನ್ನುತ್ತಾರೆ. ಇದಕ್ಕೆ ಮದ್ದು ಎರಡು. ಸೂಚನೆಯನ್ನು ಒಂದೇ ವಾಕ್ಯದಲ್ಲಿ ಕನ್ನಡ, ತುಳು, ಮರಾಠಿ ಮೂರರಲ್ಲೂ ಬರೆದಿಟ್ಟುಕೊಂಡು ಪ್ರತಿಯೊಬ್ಬರಿಗೂ ಅದನ್ನೇ ಓದಿ ಹೇಳುವುದು ಮೊದಲನೆಯದು. ನಡುನಡುವೆ ಉಪಕರಣವನ್ನು ತಾಗಿಸಿ, ನಡುಕ ಕೊಡದೆ ಕೇಳಿ ನೋಡುವುದು ಎರಡನೆಯದು. ಖಾಲಿ ಸುತ್ತಿಗೂ ಹೂಂ ಬಂದರೆ, ಇನ್ನೊಮ್ಮೆ ಸಮಾಧಾನದಿಂದ ವಿವರಿಸಿ ಮೊದಲಿನಿಂದ ಶುರು ಮಾಡಬೇಕು.

ನೀವು ಪರೀಕ್ಷೆ ಮಾಡಿಸಿಕೊಳ್ಳುವವರಾದರೆ ಇಷ್ಟು ಕೇಳಿ: "ಮೊದಲ ಅನುಭವಕ್ಕೇ ಹೇಳಬೇಕೋ, ಖಾತ್ರಿಯಾದ ಮೇಲೋ?" ಅವರು ಏನು ಹೇಳುತ್ತಾರೋ ಅದನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಮುಂದಿನ ವರ್ಷ ಅದು ಬೇಕಾಗುತ್ತದೆ.

ಮೂರು ಸಲ, ಎರಡೂ ಕಾಲು

ಒಂದೇ ಓದಿಗೆ ಒಪ್ಪಬೇಡಿ. ಒಂದೇ ಜಾಗದಲ್ಲಿ ಮೂರು ಸಲ ಅಳೆದು ಸರಾಸರಿ ತೆಗೆಯುವುದು ವಾಡಿಕೆ. ಮೂರೂ ಹತ್ತಿರ ಹತ್ತಿರ ಇದ್ದರೆ ಸರಿ. 7, 15, 9 ಎಂದು ಬಂದರೆ ಸರಾಸರಿಯಲ್ಲಿ ಅರ್ಥವಿಲ್ಲ, ಎಲ್ಲೋ ಗಮನ ತಪ್ಪಿದೆ. ಐದು ನಿಮಿಷ ಬಿಟ್ಟು ಮತ್ತೆ ಮಾಡಿಸಿ. ಮೂರೂ ಅಂಕಿ ಹಾಳೆಯಲ್ಲಿರಲಿ. ಬರಿಯ ಸರಾಸರಿ ಬರೆದ ಹಾಳೆ ಮುಖ್ಯವಾದ ಸುದ್ದಿಯನ್ನೇ ಮುಚ್ಚಿಡುತ್ತದೆ.

ಎರಡೂ ಕಾಲನ್ನು ನೋಡಲೇಬೇಕು. ಆರೋಗ್ಯವಂತರಲ್ಲಿ ಬಲ ಎಡದ ನಡುವಿನ ವ್ಯತ್ಯಾಸ ಸಣ್ಣದು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸ ದೊಡ್ಡದು. ವಯಸ್ಸು, ಚರ್ಮ, ಸ್ವಭಾವ, ಆ ದಿನದ ನಿದ್ದೆ ಎಲ್ಲವೂ ಎರಡು ಕಾಲಿಗೂ ಸಮಾನವಾದ್ದರಿಂದ ನಿಮ್ಮ ಕಾಲಿಗೆ ನಿಮ್ಮ ಇನ್ನೊಂದು ಕಾಲಿಗಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ.

ಹಾಳೆಯನ್ನು ಓದುವುದು

ಹಾಳೆಗಳಲ್ಲಿ ಸಾಮಾನ್ಯವಾಗಿ 15ರ ಕೆಳಗೆ ಹಸಿರು, 25ರ ಮೇಲೆ ಕೆಂಪು ಇರುತ್ತದೆ. 25 ವೋಲ್ಟ್ ಎಂಬ ಗೆರೆ ಹುಟ್ಟಿದ್ದು ಮಧುಮೇಹಿಗಳಲ್ಲಿ ಯಾರಿಗೆ ಪಾದದ ಹುಣ್ಣಾಗುವ ಅಪಾಯ ಹೆಚ್ಚು ಎಂದು ಗುರುತಿಸುವುದಕ್ಕಾಗಿ. ಶುಗರ್ ಇಲ್ಲದ ಆರೋಗ್ಯವಂತನಿಗೆ ನರರೋಗವಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಎಳೆದ ಗೆರೆ ಅದಲ್ಲ. ವಯಸ್ಸಾದಂತೆ ಮಿತಿ ಸಹಜವಾಗಿ ಏರುತ್ತದೆ, ಕೈಗಿಂತ ಕಾಲಿನಲ್ಲಿ ಯಾವಾಗಲೂ ಹೆಚ್ಚು. ಹಾಗಾಗಿ 70ರ ಅಜ್ಜನನ್ನೂ 30ರ ಮೊಮ್ಮಗನನ್ನೂ ಒಂದೇ ಬಣ್ಣದ ಪಟ್ಟಿಯ ಮೇಲೆ ನಿಲ್ಲಿಸುವ ಹಾಳೆಯನ್ನು ನಾನಂತೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ವಯಸ್ಸಿಗೆ ತಕ್ಕ ಹೋಲಿಕೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಹಳದಿ ಬಣ್ಣಕ್ಕೆ ನಿದ್ದೆಗೆಡಬೇಡಿ.

ಮುಂದಿನ ವರ್ಷ ಮತ್ತೆ ಮಾಡಿಸಿದಾಗ ಅಂಕಿ ಬದಲಾದರೆ? 8 ಇದ್ದದ್ದು 10 ಆಗಿದೆ, ನರ ಸವೆಯಿತೇ? ಅದಕ್ಕೆ ಉತ್ತರ ಹೇಳಬೇಕಾದರೆ, ಏನೂ ಬದಲಾಗದ ಆರೋಗ್ಯವಂತರಲ್ಲೇ ಎರಡು ಓದುಗಳ ನಡುವೆ ಎಷ್ಟು ಓಲಾಟ ಇರುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಆ ಲೆಕ್ಕವನ್ನು ಮಾಡಬೇಕಾದವರು ಶಿಬಿರ ನಡೆಸುವವರು.

ಸಂಘಟಕರಿಗೆ: ನಿಮ್ಮ ಉಪಕರಣವನ್ನು ನೀವೇ ಪರೀಕ್ಷಿಸಿ

ಕಾರ್ಯಕರ್ತರಲ್ಲೇ ಶುಗರ್ ಇಲ್ಲದ, ಕಾಲಿನ ತೊಂದರೆಯಿಲ್ಲದ ಒಂದಷ್ಟು ಜನರನ್ನು ಒಪ್ಪಿಸಿ. ಬೇರೆಬೇರೆ ವಯಸ್ಸಿನವರಿರಲಿ, ಮೂವತ್ತು ಜನ ಸಿಕ್ಕರೆ ಚೆನ್ನ. ಒಂದು ಭಾನುವಾರ ಅಳೆಯಿರಿ, ಮುಂದಿನ ಭಾನುವಾರ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ, ಅದೇ ಸೂಚನೆಯಿಂದ ಮತ್ತೆ ಅಳೆಯಿರಿ. ಅಳೆಯುವವರಿಗೆ ಹಿಂದಿನ ವಾರದ ಅಂಕಿ ಕಾಣಬಾರದು. ಇದು ಮುಖ್ಯ. ಹಳೆಯ ಅಂಕಿ ಕಣ್ಣೆದುರಿದ್ದರೆ ಕೈ ತಾನಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅಳೆಯುವವರು ಇಬ್ಬರಿದ್ದರೆ ಇಬ್ಬರೂ ಪ್ರತ್ಯೇಕವಾಗಿ ಅಳೆಯಲಿ. ಆಗ ದಿನದಿಂದ ದಿನಕ್ಕೆ ಎಷ್ಟು ವ್ಯತ್ಯಾಸ, ಕೈಯಿಂದ ಕೈಗೆ ಎಷ್ಟು ವ್ಯತ್ಯಾಸ ಎಂದು ಬೇರೆಬೇರೆಯಾಗಿ ತಿಳಿಯುತ್ತದೆ.

ಲೆಕ್ಕ ಕಷ್ಟದ್ದಲ್ಲ. 1986ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ ದಾರಿ ಇಂದಿಗೂ ಎಲ್ಲಕ್ಕಿಂತ ಸರಳ. ಪ್ರತಿಯೊಬ್ಬರ ಎರಡನೇ ಓದಿನಿಂದ ಮೊದಲ ಓದನ್ನು ಕಳೆಯಿರಿ. ಲೆಕ್ಕದ ರೀತಿ ತಿಳಿಯಲು ಆರು ಜನರ ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ: ವ್ಯತ್ಯಾಸಗಳು 1, -2, 0, 3, -1, 2 ವೋಲ್ಟ್. ಸರಾಸರಿ 0.5. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯ ಸುತ್ತ ಅಂಕಿಗಳು ಎಷ್ಟು ಚದುರಿವೆ ಎಂಬುದರ ಅಳತೆ, ಸುಮಾರು 1.87, ಎಕ್ಸೆಲ್ ಹಾಳೆ ಇದನ್ನು ತಾನೇ ಕೊಡುತ್ತದೆ. ಅದನ್ನು 1.96ರಿಂದ ಗುಣಿಸಿದರೆ 3.7. ಸರಾಸರಿಗೆ ಇದನ್ನು ಕೂಡಿಸಿ, ಕಳೆದು ನೋಡಿದರೆ ಸುಮಾರು -3.2ರಿಂದ 4.2ರವರೆಗಿನ ಪಟ್ಟಿ ಸಿಗುತ್ತದೆ. ಅಂದರೆ ಈ ಕೈ, ಈ ಕೋಣೆ, ಈ ಉಪಕರಣದಲ್ಲಿ 8 ಇದ್ದದ್ದು 10 ಆದರೆ ಅದು ಬರಿಯ ಓಲಾಟ. 8 ಇದ್ದದ್ದು 14 ಆದರೆ ತಲೆಕೆಡಿಸಿಕೊಳ್ಳುವ ಮಾತು. ಅಂಕಿ ದೊಡ್ಡದಾದಂತೆ ಓಲಾಟವೂ ದೊಡ್ಡದಾಗುವುದು ಕಂಡರೆ ವೋಲ್ಟುಗಳ ಲಾಗರಿದಮ್ ತೆಗೆದು ಇದೇ ಲೆಕ್ಕ ಮಾಡಿ.

ಫಿಸಿಯೋಥೆರಪಿ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಈ ವಿಷಯ ಹಿಡಿದಾಗ ಎಡವುವ ಜಾಗವೊಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಳತೆಯನ್ನು ಎಷ್ಟು ನಂಬಬಹುದು ಎಂದು ತೋರಿಸಲು ಅವರು ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಷನ್) ಎಂಬ ಗುಣಾಂಕ ತೆಗೆಯುತ್ತಾರೆ. ಅದು 1ಕ್ಕೆ ಹತ್ತಿರವಿದ್ದರೆ ಪರೀಕ್ಷೆ ಉತ್ತಮ, 0.4, 0.5 ಬಂದರೆ ಪರೀಕ್ಷೆ ಕಳಪೆ ಎಂದು ಬರೆದು ಮುಗಿಸುತ್ತಾರೆ. ಆರೋಗ್ಯವಂತರ ಮಟ್ಟಿಗೆ ಇದು ಅನ್ಯಾಯ. ಐಸಿಸಿ ಹೇಳುವುದು ಜನರ ನಡುವಿನ ವ್ಯತ್ಯಾಸಕ್ಕೆ ಹೋಲಿಸಿದರೆ ಅಳತೆಯ ಓಲಾಟ ಎಷ್ಟು ಎಂಬುದನ್ನು. ಮಾಟುಂಗಾದ ಹೋಟೆಲಿನ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳನ್ನು ತೂಕದ ಪ್ರಕಾರ ಸಾಲಾಗಿ ಇಡಲು ಹೋದರೆ, ತಕ್ಕಡಿ ಎಷ್ಟೇ ಚೆನ್ನಾಗಿದ್ದರೂ ಪ್ರತಿ ಸಲ ಸಾಲು ಬೇರೆಯಾಗುತ್ತದೆ. ಇಡ್ಲಿಗಳೇ ಒಂದರಂತೆ ಒಂದಿವೆ. 22ರಿಂದ 25 ವಯಸ್ಸಿನ ಸಹಪಾಠಿಗಳನ್ನೇ ಅಳೆದರೆ ಎಲ್ಲರ ಮಿತಿಯೂ ಹತ್ತಿರ ಹತ್ತಿರ, ಐಸಿಸಿ ಕುಸಿಯುತ್ತದೆ. ಅದೇ ಉಪಕರಣದಿಂದ 20ರಿಂದ 75ರವರೆಗಿನವರನ್ನು, ಮಧುಮೇಹಿಗಳನ್ನೂ ಸೇರಿಸಿ ಅಳೆದರೆ ಐಸಿಸಿ ಜಿಗಿದು ಮೇಲೇರುತ್ತದೆ. ಉಪಕರಣ ಎಳ್ಳಷ್ಟೂ ಸುಧಾರಿಸಿರುವುದಿಲ್ಲ. ಆದ್ದರಿಂದ ಐಸಿಸಿಯ ಜೊತೆಗೆ ವೋಲ್ಟಿನಲ್ಲೇ ಹೇಳುವ ಆ ಓಲಾಟದ ಪಟ್ಟಿಯನ್ನೂ ಕೊಡಿ. ಗೈಡ್ ಕೇಳದಿದ್ದರೂ ಕೊಡಿ.

ಬೇರೆ ಉಪಕರಣಗಳು ಸಿಕ್ಕರೆ

10 ಗ್ರಾಂ ಮೊನೊಫಿಲಮೆಂಟ್ ಒಂದು ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ 10 ಗ್ರಾಂ ಬಲಕ್ಕೆ ಬಾಗುತ್ತದೆ. ಹೆಬ್ಬೆರಳಿನ ತಳ, ಹೆಬ್ಬೆರಳಿನ ಬುಡದ ದಿಂಬು, ಕಿರುಬೆರಳಿನ ಬುಡದ ದಿಂಬು, ಈ ಮೂರು ಕಡೆ ಒಂದೆರಡು ಸೆಕೆಂಡು ಒತ್ತಿ ತೆಗೆಯಬೇಕು, ಸವರಬಾರದು. ಒಂದೊಂದು ಜಾಗದಲ್ಲೂ ಮೂರು ಸಲ ಕೇಳಿ, ಅದರಲ್ಲಿ ಒಂದು ಮುಟ್ಟದೆಯೇ ಕೇಳಿದ್ದಾಗಿರಲಿ. ಆರೋಗ್ಯವಂತರಲ್ಲಿ ಇದರ ಉತ್ತರ ಇವತ್ತೂ ನಾಳೆಯೂ ಒಂದೇ. ಬಹುತೇಕ ಎಲ್ಲರಿಗೂ 10 ಗ್ರಾಂ ತಿಳಿಯುತ್ತದೆ. ಹಾಗೆಂದು ಬೀಗಬೇಡಿ. ಎಲ್ಲರೂ ಪಾಸಾಗುವ ಪರೀಕ್ಷೆ ಸಣ್ಣ ಬದಲಾವಣೆಯನ್ನು ಹಿಡಿಯಲಾರದು. ಇನ್ನೊಂದು, ನೈಲಾನ್ ತೇವ ಹೀರಿದರೆ ಮೆದುವಾಗುತ್ತದೆ. ಜುಲೈ ತಿಂಗಳ ಮುಂಬಯಿಯ ಗಾಳಿಯಲ್ಲಿ 10 ಗ್ರಾಂ ಎಳೆ ಹತ್ತಕ್ಕೂ ಕಡಿಮೆ ಬಲಕ್ಕೇ ಬಾಗಬಹುದು. ಸಾಲಾಗಿ ಹತ್ತು ಜನರ ಮೇಲೆ ಬಳಸಿದ ಮೇಲೆ ಒಂದು ದಿನ ವಿಶ್ರಾಂತಿ ಕೊಡಿ, ಒಣ ಡಬ್ಬಿಯಲ್ಲಿಡಿ, ಬಾಗಿಯೇ ಉಳಿದ ಎಳೆಯನ್ನು ಎಸೆಯಿರಿ.

ಬಿಸಿ, ತಂಪಿನ ಮಿತಿ ಅಳೆಯುವ ಯಂತ್ರಗಳು ದೊಡ್ಡ ಆಸ್ಪತ್ರೆ, ಸಂಶೋಧನಾಲಯಗಳ ಸರಕು. ಚರ್ಮಕ್ಕೆ ಕಟ್ಟಿದ ಫಲಕ 32 ಡಿಗ್ರಿ ಸೆಲ್ಸಿಯಸ್‌ನಿಂದ ಶುರುವಾಗಿ ಸೆಕೆಂಡಿಗೆ 1 ಡಿಗ್ರಿಯಂತೆ ಏರುತ್ತದೆ ಅಥವಾ ಇಳಿಯುತ್ತದೆ, ತಿಳಿದ ಕೂಡಲೇ ಗುಂಡಿ ಒತ್ತಬೇಕು. ಚರ್ಮ ಸುಡದಂತೆ 50 ಡಿಗ್ರಿಗೆ ತಾನಾಗಿ ನಿಲ್ಲುತ್ತದೆ. ಬೆಚ್ಚಗಿನ ಸುದ್ದಿ ತರುವ ಸಿ ನರತಂತುಗಳು ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ ಸಾಗುತ್ತವೆ. ನಡುಕ ಒಯ್ಯುವ ದಪ್ಪ ತಂತುಗಳದಾದರೋ ಸೆಕೆಂಡಿಗೆ ಹತ್ತಾರು ಮೀಟರ್ ವೇಗ. ಪಾದದಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್ ದಾರಿ. ಸುದ್ದಿ ಅಲ್ಲಿಗೆ ಮುಟ್ಟುವಷ್ಟರಲ್ಲೇ ಫಲಕ ಒಂದು ಡಿಗ್ರಿ ಏರಿಬಿಟ್ಟಿರುತ್ತದೆ, ಬೆರಳು ಗುಂಡಿ ಒತ್ತುವುದಕ್ಕೆ ಇನ್ನಷ್ಟು ಹೊತ್ತು. ಎತ್ತರದ ವ್ಯಕ್ತಿಗೆ, ನಿಧಾನವಾಗಿ ಪ್ರತಿಕ್ರಿಯಿಸುವವರಿಗೆ ಅಂಕಿ ತುಸು ಹೆಚ್ಚು ಬರುವುದು ಇದರಿಂದಲೂ ಹೌದು. ಪಾದದ ಬಿಸಿಯ ಓದು ಹೆಚ್ಚು ಓಲಾಡುತ್ತದೆ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಆದರೆ ಈ ಯಂತ್ರಕ್ಕೆ ಅದರದ್ದೇ ಬೆಲೆಯಿದೆ. ಸಣ್ಣ ತಂತುಗಳಷ್ಟೇ ಕೆಟ್ಟಾಗ ನರ್ವ್ ಕಂಡಕ್ಷನ್ ಪರೀಕ್ಷೆ ಸಹಜವೆಂದೇ ಬರಬಹುದು.

ಏನೂ ಇಲ್ಲದಿದ್ದರೆ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ನಡುಗುವ ಲೋಹದ ಕವಲು) ಸಾಕು. 0ಯಿಂದ 8ರವರೆಗೆ ಗುರುತಿರುವ ರೈಡೆಲ್ ಸೈಫರ್ ಮಾದರಿ ಸಿಕ್ಕರೆ ಅಂಕಿಯೂ ಬರೆಯಬಹುದು. ಕರೆಂಟು ಬೇಡ, ಬ್ಯಾಟರಿ ಬೇಡ.

ಹಾಳೆಗೆ ಕಾಯಬಾರದ ಲಕ್ಷಣಗಳು

ಎರಡೂ ಪಾದದಲ್ಲಿ ಉರಿ, ಕಾಲುಚೀಲ ಹಾಕಿದಂತೆ ಮರಗಟ್ಟುವಿಕೆ, ಚಪ್ಪಲಿ ಜಾರಿದ್ದು ತಿಳಿಯದಿರುವುದು, ಕತ್ತಲಲ್ಲಿ ನಡೆಯುವಾಗ ತೂರಾಟ, ನೋವಿಲ್ಲದ ಗಾಯ, ಇವುಗಳಲ್ಲಿ ಯಾವುದಿದ್ದರೂ ಹಸಿರು ಹಾಳೆ ನೆಮ್ಮದಿ ಕೊಡಬಾರದು. ವೈದ್ಯರ ಬಳಿ ಶುಗರ್, ಥೈರಾಯ್ಡ್, ಬಿ12 ನೋಡಿಸಿ. ಶುದ್ಧ ಸಸ್ಯಾಹಾರಿಗಳು ಮತ್ತು ಬಹುಕಾಲದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕುಸಿದಿರುವ ಸಾಧ್ಯತೆ ಹೆಚ್ಚು. ಪರೇಲ್‌ನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳಲ್ಲಿ ನರರೋಗ ವಿಭಾಗಗಳಿವೆ. ಚರ್ಮದ ಮೇಲೆ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ಸಂಕೋಚ ಪಡದೆ ತೋರಿಸಿ. ಕುಷ್ಠಕ್ಕೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ ಔಷಧವಿದೆ, ವಡಾಲಾದ ಆಕ್ವರ್ತ್ ಆಸ್ಪತ್ರೆ 1890ರಿಂದ ಇದೇ ಕೆಲಸಕ್ಕೆ ನಿಂತಿದೆ.

ವೈದ್ಯರ ಬಳಿ ಹೋಗುವಾಗ ಹಳೆಯ ಹಾಳೆಗಳನ್ನು ಒಯ್ಯಿರಿ, ಜೊತೆಗೆ ಪ್ರತಿ ಹಾಳೆಯ ಹಿಂದೆ ಇಷ್ಟನ್ನು ಬರೆದಿಡಿ: ಯಾವ ಉಪಕರಣ, ಪಾದದ ಯಾವ ಜಾಗ, ಮೂರು ಓದುಗಳು, ಬಲ ಎಡ, ದಿನದ ಹೊತ್ತು, ಪಾದ ಬೆಚ್ಚಗಿತ್ತೋ ತಣ್ಣಗಿತ್ತೋ, ಮೊದಲ ಅನುಭವಕ್ಕೆ ಹೇಳಿದ್ದೋ ಖಾತ್ರಿಯಾದ ಮೇಲೆ ಹೇಳಿದ್ದೋ.